ಡಬ್ಬಿಯಲ್ಲಿ ಉಳಿದ ಮಾತ್ರೆ

ಮೊಳಕಾಲ್ಮುರಿನ ನೇಕಾರರ ಓಣಿಯಲ್ಲಿ ಒಂದು ಮನೆ. ಮಾತಾಡುವವರು ಇಬ್ಬರು. ವಯಸ್ಸೆಲ್ಲ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದ ಚಿಕ್ಕಪ್ಪ; ಫಾರ್ಮಸಿ ಓದಿ ಚಳ್ಳಕೆರೆಯ ಒಂದು ಮೆಡಿಕಲ್ಲಿನಲ್ಲಿ ಕೆಲಸ ಮಾಡುವ ಅಣ್ಣನ ಮಗಳು. ಏಪ್ರಿಲ್ ತಿಂಗಳು, ತಗಡಿನ ಸೂರು. ನಡುವೆ ಬಾಯ್ತೆರೆದ ಬಿಸ್ಕತ್ ಡಬ್ಬಿ. ಅದರ ತುಂಬ ಮಾತ್ರೆ.

ಚಿಕ್ಕಪ್ಪ: ಇದನ್ನ ನೋಡಿ ಹೇಳವ್ವ. ಗಂಟಲು ಕಟ್ಟಿದಾಗ ಎರಡು ನುಂಗಿದ್ರೆ ಮಾರನೇ ದಿನಕ್ಕೆ ಹಗುರ ಆಗ್ತೈತೆ. ನಿನ್ನ ಚಿಕ್ಕಮ್ಮ ಮಾತ್ರ ಡೇಟ್ ಬಾರ್ ಆಗೈತೆ, ತಿಪ್ಪೆಗೆ ಎಸಿ ಅಂತಾಳೆ.

ಮಗಳು: ಡೇಟ್ ಎಲ್ಲಿದೆ ಇದರಲ್ಲಿ?

ಚಿಕ್ಕಪ್ಪ: ಹಿಂದೆ ಇರ್ಬೇಕು ನೋಡು.

ಮಗಳು: ಹಿಂದೆ ಕಂಪನಿ ಹೆಸರಿನ ಅರ್ಧ ಇದೆ, ಕೆಂಪು ಗೀಟಿನ ಚೂರು ಇದೆ. ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಬ್ಯಾಚ್ ನಂಬರು, ಮುಗಿಯುವ ತಿಂಗಳು ಎಲ್ಲಾ ಒಂದೇ ತುದಿಯಲ್ಲಿ ಅಚ್ಚಾಗಿರುತ್ತೆ. ಮೂರು ಕೊಡಿ ಅಂದವರಿಗೆ ನಾವು ಇನ್ನೊಂದು ತುದಿಯಿಂದ ಕತ್ತರಿಸಿ ಕೊಡ್ತೀವಿ. ಡೇಟ್ ಇರೋ ತುದಿ ಕೊನೇವರೆಗೂ ಅಂಗಡಿಯಲ್ಲೇ ಉಳೀಬೇಕಲ್ಲ. ಕೊಂಡವರ ಕೈಗೆ ಹೆಸರಿಲ್ಲದ ಮೂರು ಮಾತ್ರೆ. ನಿಮ್ಮ ಡಬ್ಬಿಯಲ್ಲಿ ಅರ್ಧಕ್ಕರ್ಧ ಇಂಥವೇ ಇವೆ.

ಚಿಕ್ಕಪ್ಪ: ಡೇಟ್ ಇರೋದಾದ್ರೂ ಓದಕ್ಕೆ ಆಗಬೇಕಲ್ಲ. ನಮ್ಮ ಸಿದ್ದಾಪುರದ ಬಂಡೆ ಮೇಲೆ ಅಶೋಕ ಬರೆಸಿ ಎರಡು ಸಾವಿರದ ಮೇಲೆ ವರ್ಷ ಆಯ್ತು, ಕಾಣ್ತೈತೆ. ನಿಮ್ಮ ಹಾಳೆ ಮೇಲಿನ ಅಕ್ಷರ ಎರಡು ಸಲ ಬೆವರು ಕೈಯಲ್ಲಿ ಹಿಡಿದ್ರೆ ಮಾಯ.

ಮಗಳು: ಅಶೋಕನಿಗೆ ಜಾಗಕ್ಕೆ ಬರ ಇರಲಿಲ್ಲ ಚಿಕ್ಕಪ್ಪ. ಇಗೋ, ಇದರಲ್ಲಿ ಓದೋಕಾಗುತ್ತೆ. ತಿಂಗಳು, ವರ್ಷ ಅಷ್ಟೇ ಇದೆ. ನಮ್ಮ ದೇಶದ ನಿಯಮದ ಪ್ರಕಾರ ಆ ತಿಂಗಳ ಕೊನೇ ದಿನದವರೆಗೂ ನಡೆಯುತ್ತೆ. ಇದರದ್ದು ಮುಗಿದು ಮೂರು ಬೇಸಿಗೆ ಆಯ್ತು.

ಚಿಕ್ಕಪ್ಪ: ಸರಿ, ಮೂರು ಬೇಸಿಗೆ ಆಯ್ತು ಅನ್ನು. ನುಂಗಿದ್ರೆ ಏನಾಗ್ತೈತೆ? ವಿಷ ಆಗ್ತೈತಾ?

ಮಗಳು: ವಿಷ ಆಗೋದು ಅಪರೂಪ. ಹೆದರಿಸೋಕೆ ವಿಷ ಅಂದುಬಿಡಬಹುದು. ಆದರೆ ನೀವು ಆಗಲೇ ನಾಲ್ಕು ಸಲ ನುಂಗಿ ಬದುಕಿದ್ದೀರಿ, ಇವಳು ಸುಳ್ಳಿ ಅಂತೀರಿ. ಪುಸ್ತಕದಲ್ಲಿ ಗಟ್ಟಿಯಾಗಿ ದಾಖಲಾಗಿರೋ ಕಥೆ ಟೆಟ್ರಾಸೈಕ್ಲಿನ್‌ದು. ಹಳಸಿದ ಟೆಟ್ರಾಸೈಕ್ಲಿನ್ ತಗೊಂಡವರ ಮೂತ್ರಪಿಂಡ ಕೆಟ್ಟು ಸಕ್ಕರೆ, ಪ್ರೋಟೀನು, ಲವಣ ಎಲ್ಲಾ ಉಚ್ಚೆಯಲ್ಲಿ ಹರಿದು ಹೋಯ್ತು ಅಂತ 1963ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಫ್ಯಾಂಕೋನಿ ಸಿಂಡ್ರೋಮ್ ಅಂತಾರೆ. ಮಾತ್ರೆ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಆಗಿನ ಕ್ಯಾಪ್ಸೂಲಿನಲ್ಲಿ ಸಿಟ್ರಿಕ್ ಆಮ್ಲ ಬೆರೆಸ್ತಿದ್ದರು. ಸೆಕೆ, ತೇವ ತಗುಲಿದಾಗ ಅದರ ಜೊತೆ ಸೇರಿ ಔಷಧಿ ಬೇರೆ ವಸ್ತುವಾಗಿ ಒಡೀತಿತ್ತು. ಆಮೇಲೆ ಆ ಬೆರಕೆ ಕೈಬಿಟ್ಟರು. ಬೇರೆ ಆಂಟಿಬಯೋಟಿಕ್ಕುಗಳಲ್ಲಿ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗಲ್ಲ.

ಚಿಕ್ಕಪ್ಪ: ನೋಡ್ದಾ! ಮೊಮ್ಮಗನ ಫೋನಿನಾಗೆ ಅದನ್ನೇ ಹೇಳ್ತಿದ್ದ ಒಬ್ಬ. ಅಮೆರಿಕದ ಮಿಲಿಟರಿಯೋರು ಹಳೇ ಮಾತ್ರೆ ಬಿಸಾಕದೇ ಇಲ್ವಂತೆ. ಡೇಟ್ ಅನ್ನೋದೇ ಕಂಪನಿಯೋರ ಆಟ ಅಂತೆ.

ಮಗಳು: ಅರ್ಧ ನಿಜ. 1986ರಲ್ಲಿ ಅವರು ಒಂದು ಯೋಜನೆ ಶುರು ಮಾಡಿದರು. ಸೇನೆಯ ಗೋದಾಮಿನಲ್ಲಿ ಕೋಟಿಗಟ್ಟಲೆ ಡಾಲರಿನ ಔಷಧಿ ಡೇಟ್ ಮುಗಿದು ವ್ಯರ್ಥ ಆಗ್ತಿತ್ತು, ಪರೀಕ್ಷೆ ಮಾಡಿಸೋಣ ಅಂತ. 122 ಔಷಧಿಗಳ ಲೆಕ್ಕ 2006ರಲ್ಲಿ ಪ್ರಕಟವಾಯ್ತು. ನೂರಕ್ಕೆ 88 ಬ್ಯಾಚುಗಳು ಡೇಟ್ ದಾಟಿದ ಮೇಲೂ ಚೆನ್ನಾಗಿದ್ದವು, ಸರಾಸರಿ 66 ತಿಂಗಳು. ಡೇಟ್ ಮುಗಿದ ರಾತ್ರಿಯೇ ಮಾತ್ರೆ ಮಣ್ಣಾಗುತ್ತೆ ಅನ್ನೋದು ತಪ್ಪು, ಅಷ್ಟನ್ನು ಒಪ್ಪಿಕೊಳ್ಳೋಣ.

ಚಿಕ್ಕಪ್ಪ: ಮತ್ತೇನು ಜಗಳ ನಿಂದು?

ಮಗಳು: ಅದು ಮುಚ್ಚಿದ ಡಬ್ಬಿ, ತಂಪು ಗೋದಾಮು. ಒಂದೊಂದು ಬ್ಯಾಚನ್ನೂ ಲ್ಯಾಬಿನಲ್ಲಿ ಅಳೆದು, ಇದು ಇನ್ನೂ ಇಷ್ಟು ದಿನ ಇರಬಹುದು ಅಂತ ಬರೆದು ಕೊಡ್ತಾರೆ. ಅಲ್ಲೂ ಕೆಲವು ಬ್ಯಾಚು ಬೇಗನೇ ಸೋತಿವೆ. ಕುದಾಪುರದ ಕಡೆ ಡಿಆರ್‌ಡಿಓದವರು ವಿಮಾನ ಹಾರಿಸಿ ನೋಡೋ ಜಾಗ ಇದೆಯಲ್ಲ, ಅಂಥವರ ಉಗ್ರಾಣದಲ್ಲಿ ಇಟ್ಟಿದ್ದರೆ ನಿಮ್ಮ ಮಾತು ಕೇಳ್ತಿದ್ದೆ. ನೀವು ಇಟ್ಟಿರೋದು ಅಟ್ಟದ ಮೇಲೆ, ತಗಡಿಗೆ ಒಂದು ಮೊಳ ಕೆಳಗೆ. ಇಲ್ಲಿ ಓದಿ, 30 ಡಿಗ್ರಿ ಮೀರದ ಒಣ ಜಾಗದಲ್ಲಿ ಇಡಿ ಅಂತ ಬರೆದಿದೆ. ಡೇಟ್ ಹಾಕಿರೋದು ಆ ಷರತ್ತಿನ ಮೇಲೆ. ಚಳ್ಳಕೆರೆ, ಮೊಳಕಾಲ್ಮುರಿನಲ್ಲಿ ಏಪ್ರಿಲ್ ಬಂದರೆ ನೆರಳಲ್ಲೇ 40ರ ಹತ್ತಿರ. ತಗಡಿನ ಕೆಳಗೆ ಎಷ್ಟಿರುತ್ತೆ ಅಂತ ಮಗ್ಗದಲ್ಲಿ ಕೂತ ನಿಮಗೇ ಗೊತ್ತು.

ಚಿಕ್ಕಪ್ಪ: ಕಂಪನಿಯೋರು ಸೆಕೆಯಲ್ಲಿ ಇಟ್ಟು ನೋಡಿರಲ್ವಾ?

ಮಗಳು: ನೋಡಿರ್ತಾರೆ. 40 ಡಿಗ್ರಿ ಶಾಖ, 75 ಭಾಗ ತೇವ ಇರೋ ಪೆಟ್ಟಿಗೆಯಲ್ಲಿ ಆರು ತಿಂಗಳು ಇಟ್ಟು ಪರೀಕ್ಷೆ ಮಾಡ್ತಾರೆ.

ಚಿಕ್ಕಪ್ಪ: ಹಂಗಾದ್ರೆ ನಮ್ಮ ಅಟ್ಟ ಪಾಸಾಯ್ತಲ್ಲ!

ಮಗಳು: ಆರು ತಿಂಗಳಿಗೆ ಪಾಸು, ಅದೂ ಒಡೆಯದ ಸ್ಟ್ರಿಪ್ಪಿನಲ್ಲಿ. ನಿಮ್ಮದು ಎಷ್ಟು ಬೇಸಿಗೆ ಕಂಡಿದೆಯೋ. ಈ ಕ್ಯಾಪ್ಸೂಲಿನ ಗೂಡು ಒತ್ತಿ ಒತ್ತಿ ಹಾಳೆ ಬಿರುಕು ಬಿಟ್ಟಿದೆ, ಮಳೆಗಾಲದ ಗಾಳಿ ಒಳಗೆ ಹೋಗಿದೆ. ಶೇಂಗಾ ಕಥೆ ನಿಮಗೆ ಹೇಳಬೇಕಾ? ಒಂದೇ ಹೊಲದ ಕಾಯಿ, ಒಣ ಗೋದಾಮಿನಲ್ಲಿ ಇಟ್ಟ ಚೀಲ ಒಂದು ಥರ, ಅಂಗಳದಲ್ಲಿ ತುಂತುರು ಬಿದ್ದ ಚೀಲ ಇನ್ನೊಂದು ಥರ. ಚೀಟಿ ಎರಡರ ಮೇಲೂ ಒಂದೇ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಚೀಟಿ ನೋಡಿ ಕೊಳ್ಳಲ್ಲ, ಸುಲಿದು ಮೂಸಿ ನೋಡ್ತಾರೆ. ಮಾತ್ರೆಯನ್ನು ಮೂಸಿ ಹೇಳೋರು ಯಾರೂ ಇಲ್ಲ, ನಾನೂ ಹೇಳಲಾರೆ.

ಚಿಕ್ಕಪ್ಪ: ಶಕ್ತಿ ಕಮ್ಮಿ ಆಗಿದ್ರೆ ಆಗ್ಲಿ ಬುಡು. ಒಂದರ ಬದಲು ಎರಡು ನುಂಗ್ತೀನಿ.

ಮಗಳು: ಎಲ್ಲರೂ ಇದನ್ನೇ ಹೇಳೋದು! ಎಷ್ಟು ಕಮ್ಮಿ ಆಗಿದೆ ಅಂತ ಗೊತ್ತಿದ್ದರೆ ತಾನೇ ಎರಡೋ ಮೂರೋ ಅನ್ನೋದು? ಇದರಲ್ಲಿ 625 ಅಂತಿದೆ ನೋಡಿ. 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಮ್ಲ. ರೋಗಾಣು ಒಂದು ಕಿಣ್ವ ಮಾಡಿ ಅಮಾಕ್ಸಿಸಿಲಿನ್ನನ್ನು ಮುರಿದು ಹಾಕುತ್ತೆ, ಆ ಕಿಣ್ವದ ಕೈ ಕಟ್ಟೋದು ಕ್ಲಾವುಲಾನಿಕ್ ಕೆಲಸ. ಅದಕ್ಕೆ ತೇವ ಕಂಡರೆ ಆಗಲ್ಲ, ಜೊತೆಗಾರನಿಗಿಂತ ಮೊದಲು ಅದೇ ಹೋಗೋದು. ಅದು ಹೋದ ಮೇಲೆ ಹತ್ತು ನುಂಗಿದರೂ ಬರೀ ಅಮಾಕ್ಸಿಸಿಲಿನ್ ನುಂಗಿದ ಹಾಗೆ. ನಿಮಗೆ ಸಿಗೋದು ಭೇದಿ.

ಚಿಕ್ಕಪ್ಪ: ಫ್ರಿಜ್ಜಿನಾಗೆ ಇಟ್ಟಿದ್ರೆ ಸರಿ ಇರ್ತಿತ್ತು ಅನ್ನು. ನಮ್ಮ ಸೊಸೆ ಜಾಣೆ, ಮಗಿನ ಸಿರಪ್ಪು ಫ್ರಿಜ್ಜಿನಾಗೇ ಇಟ್ಟವ್ಳೆ. ಅದರ ಡೇಟ್ ಇನ್ನೂ ಮುಂದಿನ ವರ್ಷದ್ದು.

ಮಗಳು: ತನ್ನಿ ಇಲ್ಲಿ. ಯಾವಾಗ ತೆರೆದಿದ್ದು?

ಚಿಕ್ಕಪ್ಪ: ನಾಯಕನಹಟ್ಟಿ ಜಾತ್ರೆ ಟೈಮಲ್ಲಿ ಮಗಿಗೆ ಜ್ವರ ಬಂದಿತ್ತಲ್ಲ, ಆಗ.

ಮಗಳು: ಜಾತ್ರೆ ಮುಗಿದು ತಿಂಗಳ ಮೇಲಾಯ್ತು. ಇದು ಡ್ರೈ ಸಿರಪ್ಪು. ಅಂಗಡಿಯಲ್ಲಿ ಪುಡಿಯಾಗಿರುತ್ತೆ, ಗೀಟಿನವರೆಗೂ ಕಾಯಿಸಿ ಆರಿಸಿದ ನೀರು ಹಾಕಿ ಕುಲುಕಿ ಕೊಡಬೇಕು. ಮೇಲೆ ಅಚ್ಚಾದ ಡೇಟ್ ಪುಡಿಗೆ ಸೇರಿದ್ದು. ನೀರು ಬಿದ್ದ ಗಳಿಗೆಯಿಂದ ಬೇರೆ ಗಡಿಯಾರ ಶುರುವಾಗುತ್ತೆ. ಈ ಕ್ಲಾವುಲಾನಿಕ್ ಬೆರೆತದ್ದು ಫ್ರಿಜ್ಜಿನಲ್ಲಿಟ್ಟರೂ ಏಳು ದಿನ. ಬರೀ ಅಮಾಕ್ಸಿಸಿಲಿನ್ ಆದರೆ ಕಂಪನಿ ನೋಡಿ ಏಳೋ ಹದಿನಾಲ್ಕೋ. ಆಮೇಲೆ ಚೆಲ್ಲಬೇಕು. ಇದನ್ನ ಬಾಟಲಿ ಮೇಲೆ ಬರೆದೂ ಇರ್ತಾರೆ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಡಬ್ಬಿಯಲ್ಲಿರೋದೆಲ್ಲಕ್ಕಿಂತ ಇದು ಭಯಂಕರ ಚಿಕ್ಕಪ್ಪ. ದೊಡ್ಡವರು ನೀವು ಒಂದು ಹಳೇ ಮಾತ್ರೆ ನುಂಗಿ ಅದು ಕೆಲಸ ಮಾಡದಿದ್ದರೆ ಎರಡು ದಿನ ನರಳಿ ಆಸ್ಪತ್ರೆಗೆ ಹೋಗ್ತೀರಿ. ಮಗುವಿಗೆ ಎರಡು ದಿನ ಅಂದರೆ ಬಹಳ. ನ್ಯುಮೋನಿಯಾ ಆಗಿದ್ದರೆ ಆ ಎರಡು ದಿನವೇ ಬೇಕಿತ್ತು.

ಚಿಕ್ಕಪ್ಪ: ಮಗಿಗೆ ಬರೀ ಗಂಟಲು ನೋವು ಕಣವ್ವ.

ಮಗಳು: ಗಂಟಲು ನೋವು ಬಹಳ ಸಲ ವೈರಸ್ಸಿಂದು, ಯಾವ ಆಂಟಿಬಯೋಟಿಕ್ಕೂ ಬೇಡ. ಕೆಲವು ಸಲ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯ ಇರುತ್ತೆ. ಅದಕ್ಕೆ ಸರಿಯಾದ ಔಷಧಿ, ಸರಿಯಾದ ಪ್ರಮಾಣದಲ್ಲಿ ಬೀಳದಿದ್ದರೆ ಕೆಲವು ಮಕ್ಕಳಿಗೆ ಎರಡು ಮೂರು ವಾರ ಬಿಟ್ಟು ಕೀಲು ಊದಿ ರುಮ್ಯಾಟಿಕ್ ಜ್ವರ ಬರುತ್ತೆ, ಹೃದಯದ ಕವಾಟ ಕೆಡುತ್ತೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನಿಗೆ ವರ್ಷಗಟ್ಟಲೆ ಓಡಾಡೋ ಮಕ್ಕಳಿದ್ದಾರೆ. ಗಂಟಲಲ್ಲಿ ಇರೋದು ಯಾವುದು ಅಂತ ಬಿಸ್ಕತ್ ಡಬ್ಬಿಗೆ ಗೊತ್ತಾಗಲ್ಲ.

ಚಿಕ್ಕಪ್ಪ: ಸರಿ, ಅದನ್ನ ಚೆಲ್ಲು. ಆದ್ರೆ ಈ ಸ್ಟ್ರಿಪ್ ನಂದು, ಕೆಮ್ಮಿಂದು. ಇದನ್ನ ಮುಟ್ಟಬೇಡ. ಕೆಮ್ಮು ಜಾಸ್ತಿ ಆದಾಗ ಎರಡು ದಿನ ತಗಂತೀನಿ, ಇಳಿತೈತೆ.

ಮಗಳು: ಲಿವೊಫ್ಲಾಕ್ಸಾಸಿನ್ನಾ! ಎಷ್ಟು ದಿನದಿಂದ ಇದೆ ಕೆಮ್ಮು?

ಚಿಕ್ಕಪ್ಪ: ಇದ್ದೇ ಐತೆ ಬುಡು. ಮಗ್ಗದ ಧೂಳು. ಯುಗಾದಿಗೆ ಮುಂಚಿಂದ.

ಮಗಳು: ಈ ಮಾತಿಗೆ ಆಮೇಲೆ ಬರ್ತೀನಿ. ಇದು ಕೈಯಲ್ಲಿ ಹೇಗೆ ಉಳೀತು ಅದನ್ನ ಮೊದಲು ಹೇಳಿ.

ಚಿಕ್ಕಪ್ಪ: ಐದು ದಿನಕ್ಕೆ ಬರೆದಿದ್ರು. ಎರಡು ದಿನಕ್ಕೇ ಜ್ವರ ಬಿಟ್ಟೋಯ್ತು. ಆಮೇಲೆ ಯಾಕೆ ಸುಮ್ಮನೆ ನುಂಗಾದು? ಈ ಮಾತ್ರೆ ಹೀಟು ಕಣವ್ವ. ಬಾಯಿ ಹುಣ್ಣಾಗ್ತೈತೆ, ಉಚ್ಚೆ ಉರಿತೈತೆ. ಮಜ್ಜಿಗೆ ಕುಡಿದ್ರೂ ತಡೆಯಲ್ಲ. ಅದಕ್ಕೇ ಎತ್ತಿಟ್ಟೆ, ಮುಂದಕ್ಕೆ ಆಗ್ತೈತೆ ಅಂತ.

(ಕನ್ನಡದ ಮನೆಗಳಲ್ಲಿ ಆಂಟಿಬಯೋಟಿಕ್ಕಿನ ಕೋರ್ಸು ಅರ್ಧಕ್ಕೆ ನಿಲ್ಲಲು ಮರೆವಿನ ಜೊತೆಗೆ ಇನ್ನೊಂದು ಕಾರಣ ಈ ‘ಹೀಟು’. ಬಾಯಿ ಹುಣ್ಣು, ಹೊಟ್ಟೆ ಉರಿ ಸುಳ್ಳೇನೂ ಅಲ್ಲ. ಈ ಮಾತ್ರೆಗಳು ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತವೆ. ಆದರೆ ಡಾಕ್ಟರ ಮುಂದೆ ರೋಗಿ ಈ ದೂರನ್ನು ಹೇಳುವುದಿಲ್ಲ, ಹೇಳಿದರೆ ಡಾಕ್ಟರು ನಗುತ್ತಾರೆ. ನಡುವೆ ಮೂರು ಮಾತ್ರೆ ಉಳಿಯುತ್ತದೆ.)

ಮಗಳು: ನನಗೆ ಡೇಟಿನ ಮೇಲೆ ಅಷ್ಟು ಸಿಟ್ಟಿಲ್ಲ ಚಿಕ್ಕಪ್ಪ, ಈ ಉಳಿಯೋದರ ಮೇಲೆ ಸಿಟ್ಟು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಮನೆಯಲ್ಲಿ ಉಳಿಯುತ್ತೆ, ದಿನಾ ತಗೋತೀವಲ್ಲ. ಆಂಟಿಬಯೋಟಿಕ್ ಮನೆಯಲ್ಲಿ ಯಾಕೆ ಉಳಿಯಬೇಕು? ಐದು ದಿನಕ್ಕೆ ಬರೆದರೆ ಐದು ದಿನದ್ದೇ ಕೊಡ್ತಾರೆ. ಡೇಟ್ ಬಾರ್ ಆಗುವಷ್ಟು ಕಾಲ ಅದು ಅಟ್ಟದಲ್ಲಿ ಕೂತಿದೆ ಅಂದರೆ ಯಾವುದೋ ಕಾಯಿಲೆಗೆ ಅದು ಪೂರ್ತಿ ಬಿದ್ದಿಲ್ಲ ಅಂತ ಲೆಕ್ಕ.

ಚಿಕ್ಕಪ್ಪ: ಪೂರ್ತಿ ಬೀಳಲೇಬೇಕು ಅಂತ ಏನು ನೇಮ? ಜ್ವರ ಬಿಟ್ಟಿತ್ತು.

ಮಗಳು: ಒಳ್ಳೇ ಪ್ರಶ್ನೆ, ಡಾಕ್ಟರುಗಳೂ ಕೇಳಿಕೊಂಡಿದ್ದಾರೆ. ಕೋರ್ಸ್ ಮುಗಿಸದಿದ್ದರೆ ರೋಗಾಣು ಬಲಿಯುತ್ತೆ ಅನ್ನೋದಕ್ಕೆ ಪುರಾವೆ ಗಟ್ಟಿಯಿಲ್ಲ, ಬೇಕಿಲ್ಲದೆ ಉದ್ದಕ್ಕೆ ಕೊಟ್ಟರೇ ಹೆಚ್ಚು ಬಲಿಯುತ್ತೆ ಅಂತ 2017ರಲ್ಲಿ ಬ್ರಿಟನ್ನಿನ ವೈದ್ಯರು ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೆಲವು ಸೋಂಕಿಗೆ ಹತ್ತು ದಿನದ ಬದಲು ಐದು, ಮೂರು ಸಾಕು ಅಂತ ಈಗ ಬರೀತಾರೆ. ಟಿಬಿಗೆ ಮಾತ್ರ ಆರು ತಿಂಗಳು ಅಂದರೆ ಆರು ತಿಂಗಳೇ. ಎಷ್ಟು ದಿನ ಅನ್ನೋದು ಕಾಯಿಲೆ ನೋಡಿ ನಿರ್ಧಾರ ಆಗೋದು, ಜ್ವರ ಬಿಟ್ಟಿದ್ದನ್ನ ನೋಡಿ ಅಲ್ಲ. ನಿಲ್ಲಿಸಬೇಕು ಅನ್ನಿಸಿದರೆ ಬರೆದುಕೊಟ್ಟವರನ್ನೇ ಕೇಳಿ. ನಿಲ್ಲಿಸಿ ಅಂದರೂ ಮಿಕ್ಕಿದ್ದು ಅಟ್ಟಕ್ಕೆ ಹೋಗಬಾರದು, ಯಾಕಂದರೆ ಮುಂದಿನ ಸಲ ಅದನ್ನ ನುಂಗೋದು ಬೇರೆ ಕಾಯಿಲೆಗೆ, ಎರಡೇ ದಿನ, ಅರ್ಧ ಶಕ್ತಿಯದ್ದು.

ಚಿಕ್ಕಪ್ಪ: ಅರ್ಧ ಶಕ್ತಿಯಾದ್ರೂ ಅರ್ಧ ಹುಳ ಸಾಯಲ್ವಾ?

ಮಗಳು: ಸಾಯೋದು ಬಡಪಾಯಿ ಹುಳ. ತಡೆದುಕೊಳ್ಳೋ ಹುಳ ಉಳಿದು ಸಂಸಾರ ಬೆಳೆಸುತ್ತೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡ್ತಾ ಇದನ್ನೇ ಒಂದು ಕಥೆ ಮಾಡಿ ಹೇಳಿದ. ಒಬ್ಬ ಗಂಡಸಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತಗೋತಾನೆ, ಸಾಕಾಗುವಷ್ಟು ತಗೊಳ್ಳಲ್ಲ. ರೋಗಾಣು ಸಾಯದೆ ಪಳಗುತ್ತೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತೆ. ಆಕೆಗೆ ಡಾಕ್ಟರು ಸರಿಯಾಗೇ ಪೆನಿಸಿಲಿನ್ ಕೊಡ್ತಾರೆ, ಅದು ನಾಟಲ್ಲ. ಆಕೆ ಸಾಯ್ತಾಳೆ. ಅಷ್ಟು ಹಿಂದೆಯೇ ಹೇಳಿದ್ದ.

ಚಿಕ್ಕಪ್ಪ: ಗಂಡ ನುಂಗಿದ್ದಕ್ಕೆ ಹೆಂಡ್ತಿ ಸತ್ಲು. ನಿನ್ನ ಚಿಕ್ಕಮ್ಮಂಗೆ ಹೇಳಬೇಡ ಈ ಕಥೆಯ.

ಮಗಳು: ಈಗ ಕಥೆಯಾಗಿ ಉಳಿದಿಲ್ಲ. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯ ಲೆಕ್ಕ. ದೂರದ ಮಾತು ಬೇಡ. ಟೈಫಾಯ್ಡಿಗೆ ಮೊದಲು ಏನು ಕೊಡ್ತಿದ್ದರು, ನೆನಪಿದೆಯಾ?

ಚಿಕ್ಕಪ್ಪ: ಸಿಪ್ರೊ. ನಿಮ್ಮಪ್ಪಂಗೆ ಅದರಲ್ಲೇ ವಾಸಿ ಆಗಿದ್ದು. ಡಬ್ಬಿನಾಗೆ ಐತೆ ನೋಡು, ಅದರ ಡೇಟೂ ಮುಗಿದಿಲ್ಲ.

ಮಗಳು: ಡೇಟ್ ಮುಗಿದಿಲ್ಲ, ಟೈಫಾಯ್ಡಿಗೆ ಇದರ ಕೆಲಸ ಮುಗಿದಿದೆ. ನಮ್ಮ ದೇಶದ ಟೈಫಾಯ್ಡ್ ರೋಗಾಣುವಿನಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್ನಿಗೆ ಬಗ್ಗಲ್ಲ ಈಗ. ಕಂಪನಿ ಹೊಸದಾಗಿ ಇವತ್ತು ಮಾಡಿ ಕೊಟ್ಟರೂ ಅಷ್ಟೇ. ಅದಕ್ಕೇ ಡಾಕ್ಟರು ಬೇರೆ ಔಷಧಿ ಬರೆಯೋದು. ಅಪ್ಪನಿಗೆ ಆಗ ವಾಸಿಯಾಗಿದ್ದನ್ನ ನೆನಪಿಟ್ಟುಕೊಂಡು ನೀವು ಮೊಮ್ಮಗನಿಗೆ ಕೊಟ್ಟರೆ ಒಂದು ವಾರ ಕಳೆಯುತ್ತೆ, ಕರುಳು ತೂತಾಗೋ ಹೊತ್ತಿಗೆ ಬಳ್ಳಾರಿಗೆ ಓಡ್ತೀರಿ.

ಚಿಕ್ಕಪ್ಪ: ಬಳ್ಳಾರಿ ಹೆಸರು ಎತ್ತಬೇಡ. ಬಾಣಂತೇರು ಸತ್ರಲ್ಲ ಅಲ್ಲಿ. ಡೇಟ್ ಇರೋ ಔಷಧಿಯಾಗೇ ಸತ್ರು.

ಮಗಳು: 2024ರ ನವೆಂಬರಿನಲ್ಲಿ. ಸಿಸೇರಿಯನ್ ಆದವರು. ಡ್ರಿಪ್ಪಿಗೆ ಹಾಕೋ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು, ಆ ಕಂಪನಿಯ ದ್ರಾವಣ ಬಳಸದ ಹಾಗೆ ಸರ್ಕಾರ ತಡೆ ಹಾಕಿತು. ಮೊಳಕಾಲ್ಮುರಿನಿಂದ ಬಳ್ಳಾರಿಗೆ ಹೋಗೋರೇ ಎಲ್ಲ, ಆ ಭಯ ಇಲ್ಲಿ ಇನ್ನೂ ಆರಿಲ್ಲ ಅಂತ ಗೊತ್ತು. ಡೇಟ್ ಅನ್ನೋದು ಗುಣಮಟ್ಟದ ಸರ್ಟಿಫಿಕೇಟಲ್ಲ, ಒಪ್ಪಿದೆ. ಒಳ್ಳೇ ಔಷಧಿ ಎಲ್ಲಿಯವರೆಗೆ ಒಳ್ಳೇದಾಗಿರುತ್ತೆ ಅನ್ನೋದಷ್ಟೇ ಅದು ಹೇಳೋದು. ಕೆಟ್ಟ ಔಷಧಿ ಮಾಡಿದವರನ್ನ ಹಿಡಿಯೋದು ಡ್ರಗ್ಸ್ ಕಂಟ್ರೋಲಿನವರ ಕೆಲಸ, ಅದನ್ನ ಅವರು ಮಾಡದಿದ್ದರೆ ಬೈಯೋಣ. ಅದಕ್ಕಾಗಿ ನಾವು ಹಳಸಿದ್ದು ನುಂಗೋದು ಯಾವ ಸೇಡು?

ಚಿಕ್ಕಪ್ಪ: ಮಾತು ಬಲ್ಲೆ. ನಾನೊಂದು ಕೇಳ್ತೀನಿ, ಅದಕ್ಕೆ ಹೇಳು. ಭಾನುವಾರ ರಾತ್ರಿ ಜ್ವರ ಬಂತು. ಇಲ್ಲಿ ಡಾಕ್ಟ್ರಿಲ್ಲ. ನಾವಾದ್ರೂ ಊರಾಗೆ ಇದೀವಿ, ಹಟ್ಟಿಯೋರು, ಕಾವಲಿನಾಗೆ ಕುರಿ ಹಿಂದೆ ಇರೋರು ಎಲ್ಲಿಗೆ ಹೋಗ್ಬೇಕು? ಚಳ್ಳಕೆರೆಗೆ ಹೋದ್ರೆ ಬಸ್ ಚಾರ್ಜು, ಫೀಜು, ರಕ್ತ ಪರೀಕ್ಷೆ, ಒಂದು ದಿನದ ಕೂಲಿ ಹೋಯ್ತು. ಮಗ್ಗದಿಂದ ಎದ್ದ ದಿನ ನಂಗೆ ಯಾರು ಕಾಸು ಕೊಡ್ತಾರೆ? ಮೂರು ಮಾತ್ರೆ ಅಟ್ಟದಾಗೆ ಇದ್ರೆ ಧೈರ್ಯ ಇರ್ತೈತೆ. ಅದನ್ನ ನೀನು ಹೀನಾಯ ಮಾಡಬೇಡ.

ಮಗಳು: ಮಾಡಲ್ಲ. ಈ ಡಬ್ಬಿ ಬಡವನ ವಿಮೆ ಅಂತ ನನಗೂ ಗೊತ್ತು. ಅಂಗಡಿಗೆ ಬರೋರಲ್ಲಿ ಎಷ್ಟೋ ಜನ ಚೀಟಿ ತರಲ್ಲ. ಜ್ವರಕ್ಕೆ ಒಂದು ಸೆಟ್ ಕೊಡಿ ಅಂತಾರೆ. ಒಂದು ಸೆಟ್ ಅಂದರೆ ಒಂದು ಆಂಟಿಬಯೋಟಿಕ್, ಒಂದು ಪ್ಯಾರಸಿಟಮಾಲ್, ಒಂದು ಗ್ಯಾಸಿಂದು, ಕಾಗದದಲ್ಲಿ ಸುತ್ತಿ. ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಅಲ್ಲಿ ಸಿಗುತ್ತೆ. ಕಾನೂನು ಇದೆ. ಕೆಂಪು ಗೀಟು ಇದ್ದರೆ ಚೀಟಿಯಿಲ್ಲದೆ ಕೊಡಬಾರದು. ಎಚ್1 ಪಟ್ಟಿಯ ಔಷಧಿ ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿದ್ದು ಎಲ್ಲಾ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರ ಮಾರ್ಚಿನಿಂದ ಜಾರಿಯಲ್ಲಿದೆ. ನಿಮ್ಮ ಈ ಲಿವೊಫ್ಲಾಕ್ಸಾಸಿನ್ ಅದೇ ಪಟ್ಟಿಯದ್ದು. ರಿಜಿಸ್ಟರ್ ತುಂಬೋದು ಹೇಗೆ ಅಂತ ನನ್ನ ಬಾಯಿಂದ ಹೇಳಿಸಬೇಡಿ. ನೇಕಾರರ ಅಜ್ಞಾನ, ಕುರಿಗಾಹಿಗಳ ಅಜ್ಞಾನ ಅಂತ ಭಾಷಣ ಮಾಡೋರು ಒಮ್ಮೆ ಕೌಂಟರಿನ ಈ ಕಡೆ ಬಂದು ನಿಲ್ಲಲಿ.

ಚಿಕ್ಕಪ್ಪ: ಹಂಗಂದ ಮೇಲೆ ಡಬ್ಬಿನಾಗೆ ಏನಿಡಲಿ? ಖಾಲಿ ಇಡಲಾ?

ಮಗಳು: ಪ್ಯಾರಸಿಟಮಾಲ್ ಇಡಿ, ಡೇಟ್ ಇರೋ ಪೂರ್ತಿ ಸ್ಟ್ರಿಪ್. ಓಆರ್‌ಎಸ್ ಪೊಟ್ಟಣ ಇಡಿ. ಭೇದಿಗೆ ಮೊದಲು ಬೇಕಾದ್ದು ಅದೇ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರಲ್ಲ, ವಾಂತಿಭೇದಿಯಲ್ಲಿ ಮೈಯ ನೀರು ಇಳಿದು ಹೋಗೋದೇ ಮೊದಲ ಅಪಾಯ. ಎಷ್ಟೋ ಮನೆಯಲ್ಲಿ ಓಆರ್‌ಎಸ್ ಇರಲ್ಲ, ಹಳೇ ನಾರ್‌ಫ್ಲಾಕ್ಸ್ ಇರುತ್ತೆ. ರಾತ್ರಿ ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬಹುದು. ಉಸಿರಾಟ ಜೋರಾದರೆ, ಮಗು ಹಾಲು ಬಿಟ್ಟರೆ, ಮಂಕಾದರೆ, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಗ ನಿಮ್ಮ ಮೂರು ಮಾತ್ರೆಯಿಂದ ಏನೂ ಆಗಲ್ಲ, ಅದು ಹೊಸದಾಗಿದ್ದರೂ.

ಚಿಕ್ಕಪ್ಪ: ಕುರಿ ಅಂದೆ ನೋಡು, ಜ್ಞಾಪಕ ಬಂತು. ಪಕ್ಕದ ಹಟ್ಟಿ ಹುಡುಗ ಕುರಿಗೆ ತಾನೇ ಸೂಜಿ ಹಾಕ್ತಾನೆ. ಹಳದಿ ಔಷಧಿ, ದೊಡ್ಡ ಬಾಟ್ಲು. ಒಂದು ಸಲ ತಂದ್ರೆ ಮುಗಿಯೋವರೆಗೂ ಅದೇ. ಬಿಸಿಲಾಗೆ ಚೀಲದಾಗೆ ಹೊತ್ಕಂಡು ತಿರುಗ್ತಾನೆ.

ಮಗಳು: ಆಕ್ಸಿಟೆಟ್ರಾಸೈಕ್ಲಿನ್ ಇರಬೇಕು. ಮೊದಲು ಹೇಳಿದ ಟೆಟ್ರಾಸೈಕ್ಲಿನ್ ಕುಲದ್ದೇ. ಸೂಜಿ ಚುಚ್ಚಿದ ಬಾಟಲಿಗೆ ಡೇಟ್ ಬೇರೆ, ಬಿಸಿಲಲ್ಲಿ ಅದೂ ಬೇಗ ಮುಗಿಯುತ್ತೆ. ಔಷಧಿ ಹಾಕಿದ ಮೇಲೆ ಇಷ್ಟು ದಿನ ಕುರಿ ಕೊಯ್ಯಬಾರದು, ಹಾಲು ಬಳಸಬಾರದು ಅಂತ ಬಾಟಲಿ ಮೇಲೇ ಇರುತ್ತೆ. ಸಂತೆಗೆ ಹೊಡಕೊಂಡು ಹೋಗೋ ಮುಂಚಿನ ದಿನ ಸೂಜಿ ಹಾಕೋರೂ ಇದ್ದಾರೆ. ಮನುಷ್ಯರಿಗೆ ಕೊನೇ ಅಸ್ತ್ರ ಅಂತ ಇಟ್ಟಿರೋ ಕೊಲಿಸ್ಟಿನ್ನನ್ನು ಕೋಳಿ ದಪ್ಪ ಆಗಲಿ ಅಂತ ಹಾಕ್ತಿದ್ದರು, 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಷೇಧ ಮಾಡಿತು. ಆ ಹುಡುಗನಿಗೆ ಪಶು ಆಸ್ಪತ್ರೆಯವರ ನಂಬರ್ ಕೊಡಿ, ನಾನು ಹೇಳಿದರೆ ಕೇಳಲ್ಲ.

ಚಿಕ್ಕಪ್ಪ: ಸರಿ. ಇಷ್ಟೂ ಒಲೆಗೆ ಹಾಕ್ತೀನಿ, ತಗಾ.

ಮಗಳು: ಒಲೆ ಬೇಡ, ಆ ಹೊಗೆ ಚಿಕ್ಕಮ್ಮ ಕುಡೀಬೇಕು. ಪಾಯಿಖಾನೆಗೂ ಬೇಡ, ಮೋರಿಗೂ ಬೇಡ. ಹೈದರಾಬಾದಿನ ಹತ್ತಿರ ಪಟಾನ್‌ಚೆರು ಅಂತಿದೆ, ಔಷಧಿ ಕಾರ್ಖಾನೆಗಳ ಊರು. ಅಲ್ಲಿ ಶುದ್ಧ ಮಾಡಿ ಬಿಟ್ಟ ನೀರಿನಲ್ಲೇ ಸಿಪ್ರೊಫ್ಲಾಕ್ಸಾಸಿನ್ ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಹೆಚ್ಚಿತ್ತು ಅಂತ 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ನಿಮ್ಮ ಹತ್ತು ಮಾತ್ರೆಯಿಂದ ಅಷ್ಟಾಗಲ್ಲ, ಆದರೆ ದಾರಿ ಅದೇ. ತಿಪ್ಪೆಗೆ ಎಸೆದರೆ ಮೇಕೆ ಮೇಯುತ್ತೆ, ಮಕ್ಕಳು ಆಯ್ಕೋತಾರೆ.

ಚಿಕ್ಕಪ್ಪ: ಒಲೆಗೆ ಬೇಡ, ಮೋರಿಗೆ ಬೇಡ, ತಿಪ್ಪೆಗೆ ಬೇಡ. ತಲೆ ಮೇಲೆ ಹೊತ್ಕಳ್ಲಾ?

ಮಗಳು: 2016ರ ಘನತ್ಯಾಜ್ಯ ನಿಯಮದಲ್ಲಿ ಅವಧಿ ಮುಗಿದ ಔಷಧಿಯನ್ನ ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ದರು. ಬೇರೆ ಇಟ್ಟು ಪಟ್ಟಣ ಪಂಚಾಯಿತಿ ಕಸದ ಗಾಡಿಗೆ ಕೊಡಬೇಕು. ಕೇರಳದಲ್ಲಿ ಎನ್‌ಪ್ರೌಡ್ ಅಂತ ಹೆಸರಿಟ್ಟು 2025ರಲ್ಲಿ ಕೋಳಿಕ್ಕೋಡಿನಿಂದ ಶುರು ಮಾಡಿದ್ದಾರೆ, ಮನೆಯಿಂದ ಹಳೇ ಔಷಧಿ ವಾಪಸು ತಗೊಳ್ಳೋಕೆ. ನಮ್ಮ ಕಡೆ ಗಾಡಿಯವನಿಗೆ ಕೊಟ್ಟರೆ ಅವನು ಎಲ್ಲಾದರ ಜೊತೆ ಸುರೀತಾನೆ, ಹೌದು. ಅದಕ್ಕೆ ಹೀಗೆ ಮಾಡೋಣ. ಹಾಳೆಯಿಂದ ಬಿಡಿಸಿ, ಬೂದಿಯಲ್ಲೋ ಕಾಫಿ ಚರಟದಲ್ಲೋ ಕಲಸಿ, ಯಾರೂ ಎತ್ತಿ ನುಂಗದ ಹಾಗೆ ಕವರಿಗೆ ಹಾಕಿ ಗಂಟು ಕಟ್ಟಿ ಒಣಕಸಕ್ಕೆ ಕೊಡಿ. ಸಿರಪ್ಪನ್ನೂ ಬೂದಿಗೆ ಸುರಿದು ಬಾಟಲಿ ಒಡೆದೇ ಹಾಕಿ, ಖಾಲಿ ಬಾಟಲಿ ಗುಜರಿಯವನ ಕೈಗೆ ಹೋಗೋದು ಬೇಡ.

ಚಿಕ್ಕಪ್ಪ: ಕೆಮ್ಮಿನ ಮಾತ್ರೆ ಮಾತ್ರ ಬುಡು.

ಮಗಳು: ಅದನ್ನೇ ಮೊದಲು ಕೊಡಿ. ಯುಗಾದಿಗೆ ಮುಂಚಿನಿಂದ ಕೆಮ್ಮು ಅಂದಿರಿ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಬೇಕು. ಈ ಲಿವೊಫ್ಲಾಕ್ಸಾಸಿನ್ ಟಿಬಿ ರೋಗಾಣುವನ್ನೂ ಸ್ವಲ್ಪ ಬಡಿಯುತ್ತೆ. ಎರಡು ದಿನ ನುಂಗಿದರೆ ಕೆಮ್ಮು ತಗ್ಗುತ್ತೆ, ವಾಸಿಯಾಯ್ತು ಅಂತ ಮಗ್ಗಕ್ಕೆ ಕೂರ್ತೀರಿ. ಒಳಗೆ ಇದ್ದದ್ದು ಇದ್ದೇ ಇರುತ್ತೆ, ಪರೀಕ್ಷೆಯಲ್ಲೂ ಕಣ್ಣು ತಪ್ಪಿಸಿಕೊಳ್ಳಬಹುದು. ಆಮೇಲೆ ಟಿಬಿ ಅಂತಾದರೆ, ಬಗ್ಗದ ಟಿಬಿಗೆ ಇರೋ ಔಷಧಿಗಳಲ್ಲಿ ಇದೂ ಒಂದು. ಅದನ್ನ ನೀವು ಆಗಲೇ ಅರ್ಧಂಬರ್ಧ ಖರ್ಚು ಮಾಡಿರ್ತೀರಿ.

ಚಿಕ್ಕಪ್ಪ: ಟಿಬಿ ಗಿಬಿ ಅನ್ನಬೇಡ. ಓಣಿಯಾಗೆ ಕೇಳಿಸ್ಕಂಡ್ರೆ ಸೀರೆ ಯಾರು ಮುಟ್ತಾರೆ?

ಮಗಳು: ಇರಲಿಕ್ಕಿಲ್ಲ, ಧೂಳೇ ಇರಬಹುದು. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ, ಬಂದರೆ ಔಷಧಿಯೂ ಬಿಟ್ಟಿ. ಯಾರಿಗೂ ಹೇಳಬೇಕಿಲ್ಲ. ಈ ಮಾತ್ರೆ ನುಂಗಿದ ವಿಷಯ ಮಾತ್ರ ಡಾಕ್ಟರಿಗೆ ಹೇಳಿ, ಎಷ್ಟು ಸಲ, ಯಾವಾಗ ಅಂತ. ಅದನ್ನ ಮುಚ್ಚಿಡಬೇಡಿ.

ಚಿಕ್ಕಪ್ಪ: ಬೈದ್ರೆ?

ಮಗಳು: ಬೈಲಿ. ಖಾಲಿ ಸ್ಟ್ರಿಪ್ಪನ್ನೂ ತಗೊಂಡು ಹೋಗಿ ತೋರಿಸಿ.

ಚಿಕ್ಕಪ್ಪ: ಖಾಲಿ ಹೊಟ್ಟೆಲಿ ಹೋಗ್ಬೇಕಾ?

ಮಗಳು: ಬೇಡ, ಮುದ್ದೆ ಉಂಡೇ ಹೋಗಿ. ಕಫಕ್ಕೆ ಡಬ್ಬಿ ಅವರೇ ಕೊಡ್ತಾರೆ. ಒಂದು ಅಲ್ಲೇ ಕೊಡೋದು, ಇನ್ನೊಂದು ಮಾರನೇ ದಿನ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗೆದದ್ದು. ಎಂಜಲು ಉಗುಳಿ ಕೊಟ್ಟರೆ ಮತ್ತೆ ಕರೀತಾರೆ, ಆಗ ಇನ್ನೊಂದು ದಿನದ ಮಗ್ಗ ಹೋಯ್ತು ಅಂತ ನನ್ನ ಬೈಬೇಡಿ.